ಟೈಗ್ರಿಸ್‌ಗೆ ನೀರು ಹಾಕಿದವಳು

ಚಾಮರಾಜಪೇಟೆಯ ಆ ಶಾಲೆಯಲ್ಲಿ ಸಮಾಜ ವಿಜ್ಞಾನವೆಂದರೆ ಮಕ್ಕಳು ಆಕಳಿಸುತ್ತಿರಲಿಲ್ಲ. ಅದಕ್ಕೆ ಕಾರಣ ವಿಶಾಖಾ. ಆರರಿಂದ ಎಂಟನೇ ತರಗತಿಯವರೆಗೆ ಒಂದೊಂದು ವಿಭಾಗಕ್ಕೆ ಭೂಗೋಳವೂ ಅವಳದೇ, ಇತಿಹಾಸವೂ ಅವಳದೇ. ಈಜಿಪ್ಟಿನ ಪಾಠದ ದಿನ ಅವಳು ಪುಸ್ತಕ ತೆರೆಯುತ್ತಲೇ ಇರಲಿಲ್ಲ. ಹಲಗೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಉದ್ದನೆಯ ಗೆರೆಯೊಂದನ್ನು ಎಳೆದು, "ಇದು ನೈಲ್ ನದಿ. ಹೀಗೆ ಹರಿಯುತ್ತೆ," ಎಂದು ಸುಮ್ಮನೆ ನಿಲ್ಲುತ್ತಿದ್ದಳು. ಯಾರಾದರೊಬ್ಬರು, "ಮಿಸ್, ನೀರು ಮೇಲಕ್ಕೆ ಹೆಂಗೆ ಹರಿಯುತ್ತೆ?" ಎಂದು ಕೇಳುವವರೆಗೂ ಕಾಯುವುದು ಅವಳ ಅಭ್ಯಾಸ. ಪಾಠ ಶುರುವಾಗುತ್ತಿದ್ದುದೇ ಆ ಪ್ರಶ್ನೆಯಿಂದ.

ಒಂದು ವರ್ಷ ಒಬ್ಬಳು ಹುಡುಗಿ ಎದ್ದು ನಿಂತು, "ನಾಗರಿಕತೆ ಎಲ್ಲಾ ನದಿ ಪಕ್ಕಾನೇ ಹುಟ್ಟೋದು ಅಂದ್ರಿ. ಬೆಂಗಳೂರಿಗೆ ನದಿನೇ ಇಲ್ವಲ್ಲ ಮಿಸ್, ಹಂಗಾದ್ರೆ ನಾವು ನಾಗರಿಕರಲ್ವಾ?" ಎಂದಿದ್ದಳು.

"ಯಾಕಿಲ್ಲ? ವೃಷಭಾವತಿ ಇದೆಯಲ್ಲ. ಇಲ್ಲೇ ಬಸವನಗುಡಿಯಲ್ಲಿ ಹುಟ್ಟಿದ್ದು."

"ಅದು ಮೋರಿ ಅಲ್ವಾ ಮಿಸ್?"

"ಹೌದು. ಅದನ್ನ ಮೋರಿ ಮಾಡಿದೋರು ಯಾರು ಅಂತ ಯೋಚನೆ ಮಾಡ್ಕೊಂಡು ಬನ್ನಿ ನಾಳೆ."

ಹಾಗೆ ಕೇಳಿದ ಹುಡುಗಿ ಲಾಸ್ಯಾ. ಅವಳು ವಿಶಾಖಾಳ ಸ್ವಂತ ಮಗಳು.

ಲಾಸ್ಯಾ ಒಂದನೇ ತರಗತಿಯಿಂದಲೂ ಅದೇ ಶಾಲೆಯಲ್ಲಿ ಓದುತ್ತಿದ್ದರೂ ಎಂಟನೇ ತರಗತಿಗೆ ಬರುವವರೆಗೆ ಅಮ್ಮನ ವಿಭಾಗಕ್ಕೆ ಬಿದ್ದಿರಲಿಲ್ಲ. ಬಿದ್ದ ದಿನವೇ ವಿಶಾಖಾ ಮನೆಯಲ್ಲಿ ಅವಳನ್ನು ಕೂರಿಸಿಕೊಂಡು ಹೇಳಿದಳು: ಶಾಲೆಯ ಗೇಟು ದಾಟಿದ ಮೇಲೆ ನಾನು ನಿನಗೆ ಮಿಸ್. ಊಟದ ಡಬ್ಬಿ ಮರೆತು ಬಂದೆ ಎಂದು ಸ್ಟಾಫ್ ರೂಮಿಗೆ ಬರುವ ಹಾಗಿಲ್ಲ. ಬೆಳಿಗ್ಗೆ ನಾನು ಮೊದಲು ಹೊರಡುತ್ತೇನೆ, ನೀನು ಆಮೇಲೆ ಬಾ. ಲಾಸ್ಯಾಳಿಗೆ ಅದೆಲ್ಲ ಆಟದಂತೆ ಕಂಡಿತು. ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಿದ್ದ ಅಮ್ಮನಿಗೆ ಅಡುಗೆಮನೆಯಿಂದಲೇ, "ಗುಡ್ ಮಾರ್ನಿಂಗ್ ಮಿಸ್, ನಿಮ್ಮ ಕೊಡೆ ಇಲ್ಲೇ ಬಿಟ್ಟಿದೀರ," ಎಂದು ಕೂಗಿ ನಗುತ್ತಿದ್ದಳು. ಖಜಾನೆ ಇಲಾಖೆಯಲ್ಲಿ ಗುಮಾಸ್ತನಾಗಿದ್ದ ಅವಳಪ್ಪ ಶ್ರೀಧರ್ ಕೂಡ ನಗುತ್ತಿದ್ದ.

ವಿಶಾಖಾಳಿಗೆ ಮಾತ್ರ ಅದು ಆಟವಾಗಿರಲಿಲ್ಲ. ಅವಳ ತಾಯಿ ಸಿದ್ದಮ್ಮ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದವಳು. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷವೇ ಹುಟ್ಟಿದ ಮಗಳಿಗೆ ವಿಶಾಖಾ ಎಂದು ಹೆಸರಿಟ್ಟು, ಬುದ್ಧನ ಕಾಲದ ದೊಡ್ಡ ಮನಸ್ಸಿನ ಹೆಣ್ಣುಮಗಳ ಹೆಸರು ಅದು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅವನು ಬೇಗ ತೀರಿಕೊಂಡ. ಸಿದ್ದಮ್ಮ ಮಗಳ ಜಡೆ ಹೆಣೆಯುವಾಗ ದಿನವೂ ಒಂದೇ ಮಾತು ಹೇಳುತ್ತಿದ್ದಳು: "ನಿನ್ ಕಡೆ ಯಾರೂ ಬೆರಳು ತೋರಿಸ್ಬಾರ್ದು ಕಣವ್ವ. ಹಂಗಿರ್ಬೇಕು." ವಿಶಾಖಾ ಹಾಗೆಯೇ ಬೆಳೆದಳು. ಬಿ.ಎಡ್. ಮುಗಿಸಿ ಈ ಶಾಲೆಗೆ ಸೇರಿದ ಮೇಲೂ ಹಾಗೆಯೇ ಇದ್ದಳು. ಗಂಟೆ ಹೊಡೆಯುವ ಮೊದಲೇ ತರಗತಿಯಲ್ಲಿರುವುದು, ಸ್ಟಾಫ್ ರೂಮಿನ ಗುಸುಗುಸುವಿಗೆ ಕಿವಿಗೊಡದಿರುವುದು, ಯಾರಿಂದಲೂ ಏನನ್ನೂ ಕೇಳಿ ಪಡೆಯದಿರುವುದು.

ಮೊದಲ ಕಿರುಪರೀಕ್ಷೆಯಲ್ಲಿ ಲಾಸ್ಯಾಳಿಗೆ ಪೂರ್ತಿ ಅಂಕ ಬಂತು. ಸ್ಟಾಫ್ ರೂಮಿನಲ್ಲಿ ಅಂಕಗಳನ್ನು ಓದುತ್ತಿದ್ದ ಕನ್ನಡದ ಟೀಚರ್ ವಾಣಿ, "ಬರದೆ ಇನ್ನೇನು ಮಾಡುತ್ತೆ? ಪ್ರಶ್ನೆಪತ್ರಿಕೆ ತಯಾರಾಗೋದೇ ಅವರ ಮನೇಲಿ!" ಎಂದಳು. ಅವಳು ಹಾಸ್ಯಕ್ಕೆ ಅಂದಿದ್ದು. ಕಾಫಿ ಕುಡಿಯುತ್ತಿದ್ದವರೆಲ್ಲ ನಕ್ಕರು. ವಿಶಾಖಾಳೂ ನಕ್ಕಳು. ಆದರೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಉಳಿಯಿತು.

ಮುಂದಿನ ಪರೀಕ್ಷೆಯಲ್ಲಿ ಲಾಸ್ಯಾ 'ಮೆಸಪಟೋಮಿಯಾ' ಎಂಬ ಪದದಲ್ಲಿ ಒಂದು ಅಕ್ಷರ ತಪ್ಪಿದಳು. ವಿಶಾಖಾ ಅಂಕ ಕಳೆದಳು. ಅದೇ ತಪ್ಪು ಮಾಡಿದ ಬೇರೆ ಮಕ್ಕಳಿಗೆ ಕಳೆಯಲಿಲ್ಲ.

"ಮಿಸ್ಸೇ, ಗೋದಾಗೂ ಅದೇ ಸ್ಪೆಲ್ಲಿಂಗು. ಅವಳಿಗೆ ಫುಲ್ ಮಾರ್ಕ್ಸ್," ಎಂದಳು ಲಾಸ್ಯಾ, ಮನೆಗೆ ಬಂದ ಮೇಲೆ.

"ನೀನು ಗೋದಾ ಅಲ್ಲ."

ಲಾಸ್ಯಾ ಒಂದು ಕ್ಷಣ ಅಮ್ಮನ ಮುಖ ನೋಡಿ ಭುಜ ಕುಣಿಸಿದಳು. ಅವಳದು ಹಗುರಾದ ಸ್ವಭಾವ. ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳುವವಳಲ್ಲ ಎಂದು ಆಗೆಲ್ಲ ಎಲ್ಲರೂ ಅಂದುಕೊಂಡಿದ್ದರು.

ಡಿಸೆಂಬರಿನಲ್ಲಿ ಶಾಲೆಯ ವಸ್ತುಪ್ರದರ್ಶನ. ಆ ವರ್ಷದ ವಿಷಯ ಪ್ರಾಚೀನ ನಾಗರಿಕತೆಗಳು. ಗೆದ್ದ ತಂಡ ಬೇರೆ ಶಾಲೆಗಳ ತಂಡಗಳೊಂದಿಗೆ ಸ್ಪರ್ಧಿಸಲು ಹೋಗಬೇಕಿತ್ತು. ವಿಶಾಖಾಳ ತರಗತಿಗೆ ಚೀಟಿ ಎತ್ತಿದಾಗ ಮೆಸಪಟೋಮಿಯಾ ಬಂತು. ಈಜಿಪ್ಟ್ ಸಿಕ್ಕಿದ್ದರೆ ಥರ್ಮೋಕೋಲಿನ ಪಿರಮಿಡ್ಡು ಕತ್ತರಿಸಿ ಮುಗಿಸಬಹುದಿತ್ತಲ್ಲ ಎಂದು ಮಕ್ಕಳು ಪೇಚಾಡಿದರು. ಲಾಸ್ಯಾ ಪೇಚಾಡಲಿಲ್ಲ. ಆ ಸಂಜೆಯೇ ಮನೆಯಲ್ಲಿ, "ಅಮ್ಮಾ, ಎರಡು ನದಿನೂ ನಿಜವಾಗ್ಲೂ ಹರೀಬೇಕು. ಬಣ್ಣ ಬಳಿಯೋದಲ್ಲ. ನೀರು," ಎಂದಳು.

ಆಮೇಲಿನ ದಿನಗಳಲ್ಲಿ ಅವರ ಬಾಡಿಗೆ ಮನೆಯ ಮೇಲಿನ ತಾರಸಿ ಅವಳ ವಶವಾಯಿತು. ಬಸವನಗುಡಿ ಕಡೆ ಗಣೇಶನ ಮೂರ್ತಿ ಮಾಡುವ ನಂಜುಂಡಯ್ಯನವರ ಹತ್ತಿರ ಹಬ್ಬ ಮುಗಿದ ಮೇಲೆ ಉಳಿದ ಜೇಡಿಮಣ್ಣಿತ್ತು. ಅಪ್ಪನ ಸ್ಕೂಟರಿನ ಮೇಲೆ ಕೂತು ಹೋಗಿ ಅದನ್ನು ಬಕೆಟ್ಟಿನಲ್ಲಿ ತಂದಳು. ಮರದ ಹಲಗೆಯ ಮೇಲೆ ಮಣ್ಣು ಹರಡಿ, ಉತ್ತರಕ್ಕೆ ಬೆಟ್ಟ ಎಬ್ಬಿಸಿ, ದಕ್ಷಿಣಕ್ಕೆ ಇಳಿಜಾರು ಮಾಡಿದಳು. ಎರಡು ನದಿಗಳ ಪಾತ್ರ ಕೊರೆದು, ನೀರು ಹೀರದಂತೆ ಮೇಣ ಸವರಿದಳು. ನೀರನ್ನು ಬೇಕೆಂದಾಗ ಬಿಡುವುದು, ಬೇಡವೆಂದಾಗ ತಡೆಯುವುದು ಹೇಗೆಂದು ತೋಚದೆ ಕೂತಿದ್ದಾಗ ಅಜ್ಜಿ ಸಿದ್ದಮ್ಮ ಶೇಷಾದ್ರಿಪುರದಿಂದ ಬಂದಳು. ಮೊಮ್ಮಗಳ ಗೋಳು ಕೇಳಿ, "ಗ್ಲೂಕೋಸ್ ಹಾಕೋ ಟ್ಯೂಬು ತಗೊಳೆ. ಚಕ್ರ ತಿರುಗಿಸಿದ್ರೆ ಹನಿ ಹನಿ ಬರುತ್ತೆ, ಇನ್ನೂ ತಿರುಗಿಸಿದ್ರೆ ಧಾರೆ," ಎಂದಳು. ಮೂಲೆಯ ಮೆಡಿಕಲ್ ಶಾಪಿನಿಂದ ಟ್ಯೂಬು ಬಂತು. ಬಾಟಲಿಗಳನ್ನು ಬಟ್ಟೆ ಒಣಹಾಕುವ ತಂತಿಗೆ ಕಟ್ಟಿ ಚಕ್ರ ತಿರುಗಿಸಿದ್ದೇ ತಡ, ಬೆಟ್ಟದ ಬುಡದಿಂದ ಟೈಗ್ರಿಸ್ ಒಂದು ಕಡೆ, ಯೂಫ್ರಟೀಸ್ ಒಂದು ಕಡೆ ಹೊರಟವು. ಅಜ್ಜಿ ಮೊಮ್ಮಗಳು ಇಬ್ಬರೂ ಚಪ್ಪಾಳೆ ತಟ್ಟಿದರು.

ಆ ಭಾನುವಾರ ವಿಶಾಖಾಳನ್ನು ತಾರಸಿಗೆ ಎಳೆದುಕೊಂಡು ಹೋಗಿ ಲಾಸ್ಯಾ ವಿವರಿಸಿದಳು.

"ನೋಡಮ್ಮ, ನೈಲ್ ಇದೆಯಲ್ಲ, ಅದು ಒಳ್ಳೇ ನೆಂಟ. ಬಿತ್ತನೆಗೆ ಮುಂಚೆ ಬರುತ್ತೆ, ಮಣ್ಣು ಕೊಟ್ಟು ಹೋಗುತ್ತೆ. ಅದಕ್ಕೇ ಈಜಿಪ್ಟಿನೋರು ಪ್ರವಾಹ ಬಂದ್ರೆ ಹಬ್ಬ ಮಾಡೋರು. ಆದ್ರೆ ಇವೆರಡು ಹಂಗಲ್ಲ. ಬೆಟ್ಟದ ಮೇಲೆ ಹಿಮ ಕರಗಿ, ಬೆಳೆ ಕಟಾವಿಗೆ ಬಂದಿರೋ ಹೊತ್ತಿಗೆ ಸರಿಯಾಗಿ ನುಗ್ಗುತ್ವೆ. ನಿಂತಿರೋ ಬಾರ್ಲಿ ಎಲ್ಲಾ ಕೊಚ್ಚಿ ಹೋಗುತ್ತೆ. ಅದಕ್ಕೆ ಇವರು ದಂಡೆ ಕಟ್ಟಿದ್ರು, ಕಾಲುವೆ ತೆಗೆದ್ರು. ದಂಡೆ ಕಟ್ಟೋಕೆ ಎಲ್ಲರೂ ಸೇರ್ಬೇಕು, ಸೇರಿದ್ದಕ್ಕೇ ಊರಾಯ್ತು, ಊರಿಗೆ ರಾಜ ಬಂದ, ಲೆಕ್ಕ ಬಂತು, ಬರೆಯೋದು ಬಂತು. ನಂಗನ್ಸುತ್ತೆ, ಆ ನದಿಗಳು ಒಳ್ಳೇವಾಗಿದ್ದಿದ್ರೆ ಇವರು ಬರೆಯೋದೇ ಕಲೀತಿರ್ಲಿಲ್ಲ!"

ಕೊನೆಯ ಮಾತು ಯಾವ ಪುಸ್ತಕದಲ್ಲೂ ಇರಲಿಲ್ಲ. ವಿಶಾಖಾ ಮಗಳನ್ನು ದಿಟ್ಟಿಸಿದಳು. ಕೈಯೆಲ್ಲ ಕೆಸರು, ಮೂಗಿನ ಮೇಲೂ ಕೆಸರು. ಇಷ್ಟು ವರ್ಷ ಪಾಠ ಮಾಡಿದ್ದರಲ್ಲಿ ತನಗೇ ಹೊಳೆಯದ ಮಾತು. ಎದೆ ತುಂಬಿ ಬಂತು. "ಚೆನ್ನಾಗಿದೆ" ಎಂದಷ್ಟೇ ಅಂದಳು. ಹೆಚ್ಚು ಹೊಗಳಿದರೆ ತಲೆಗೇರುತ್ತದೆ ಎಂಬ ಭಯ.

ಪ್ರತಿ ತಂಡದಿಂದ ಒಬ್ಬರೇ ವಿವರಣೆ ಕೊಡಬೇಕು, ಉಳಿದವರು ಜೊತೆಗಿರಬೇಕು ಎನ್ನುವುದು ಪ್ರದರ್ಶನದ ನಿಯಮ. ಆರಿಸುವ ಹೊಣೆ ತರಗತಿಯ ಟೀಚರದು. ವಿಶಾಖಾ ಮಕ್ಕಳಲ್ಲಿ ಕೆಲವರಿಂದ ಒಂದೊಂದು ಬಾರಿ ಹೇಳಿಸಿದಳು. ಗೋದಾ ಅರ್ಧಕ್ಕೇ ನಿಲ್ಲಿಸಿದಳು. ಆತ್ರೇಯ ಸ್ಪಷ್ಟವಾಗಿ, ಒಂದು ಪದವೂ ಬಿಡದೆ, ಪುಸ್ತಕದಲ್ಲಿದ್ದುದನ್ನೆಲ್ಲ ಒಪ್ಪಿಸಿದ. ಲಾಸ್ಯಾ ತಾರಸಿಯ ಮೇಲೆ ಹೇಳಿದ ಹಾಗೆಯೇ ಹೇಳಿದಳು. ಅವಳು ಮುಗಿಸಿದಾಗ ಹಿಂದಿನ ಬೆಂಚಿನವರೂ ಚಪ್ಪಾಳೆ ಹೊಡೆದರು.

ಆ ಚಪ್ಪಾಳೆಯೇ ವಿಶಾಖಾಳನ್ನು ಹೆದರಿಸಿತು. ಕಿಟಕಿಯಾಚೆ ಕಾರಿಡಾರಿನಲ್ಲಿ ವಾಣಿ ಹಾದು ಹೋಗುತ್ತಿದ್ದಳು. ಅವಳು ಒಳಗೆ ನೋಡಿದಳೋ ಇಲ್ಲವೋ, ವಿಶಾಖಾಳಿಗೆ ನೋಡಿದಂತೆ ಅನ್ನಿಸಿತು. ಮಾಡೆಲ್ ಮಗಳದು, ವಿವರಣೆಯೂ ಮಗಳದು, ಆರಿಸಿದವಳು ಅಮ್ಮ. ನಾಳೆ ಸ್ಟಾಫ್ ರೂಮಿನಲ್ಲಿ ಏನು ಮಾತಾಡಿಕೊಳ್ಳಬಹುದು ಎನ್ನುವುದು ಮೊದಲೇ ಕಿವಿಗೆ ಬಿದ್ದಂತಾಯಿತು.

"ಆತ್ರೇಯ ವಿವರಣೆ ಕೊಡ್ತಾನೆ," ಎಂದಳು.

ಆತ್ರೇಯನೇ ಎದ್ದು ನಿಂತು, "ಮಿಸ್, ಲಾಸ್ಯಾ ನನಗಿಂತ ಚೆನ್ನಾಗಿ ಹೇಳಿದ್ಲು," ಎಂದ. ಒಳ್ಳೆಯ ಹುಡುಗ ಅವನು.

"ಯಾರು ಹೇಳ್ಬೇಕು ಅನ್ನೋದು ನಂಗೆ ಗೊತ್ತು. ಕೂತ್ಕೋ. ಲಾಸ್ಯಾ, ನೀನು ನೀರಿನ ಕಡೆ ನೋಡ್ಕೋ. ಬಾಟಲಿ ಖಾಲಿಯಾಗದ ಹಾಗೆ ತುಂಬಿಸ್ತಾ ಇರ್ಬೇಕು."

ಲಾಸ್ಯಾಳ ಬಾಯಿ ಸ್ವಲ್ಪ ತೆರೆದುಕೊಂಡಿತು. ಆಮೇಲೆ, "ಆಯ್ತು ಮಿಸ್," ಎಂದು ಕೂತಳು.

ಸಂಜೆ ಮನೆಯಲ್ಲಿ ಶ್ರೀಧರ್, "ಏನಾಯ್ತು ಪುಟ್ಟಿ, ಸಪ್ಪಗಿದೀಯ?" ಎಂದು ಕೇಳಿದ. ವಿಶಾಖಾಳೇ ಒಲೆಯ ಮುಂದೆ ನಿಂತು ವಿವರಿಸಿದಳು. ತಾಯಿ ಟೀಚರಾದರೆ ಎಷ್ಟು ಎಚ್ಚರವಾಗಿರಬೇಕು, ಜನ ಹೇಗೆ ಮಾತಾಡುತ್ತಾರೆ, ಮುಂದೆ ಅವಳಿಗೇ ಅರ್ಥವಾಗುತ್ತದೆ.

"ಅವಳು ಚೆನ್ನಾಗಿ ಹೇಳ್ತಾಳೋ ಇಲ್ವೋ, ಅದು ಹೇಳು," ಎಂದ ಶ್ರೀಧರ್.

"ಪ್ರಶ್ನೆ ಅದಲ್ಲ ರೀ."

"ಮತ್ತಿನ್ಯಾವುದು?"

ವಿಶಾಖಾ ಒಲೆ ಆರಿಸಿದಳು. ಲಾಸ್ಯಾ ತಟ್ಟೆ ತೊಳೆದಿಟ್ಟು, "ಪರವಾಗಿಲ್ಲ ಬಿಡಪ್ಪ," ಎಂದು ಒಳಗೆ ಹೋದಳು. ಮಾರನೆಯ ದಿನದಿಂದ ಆತ್ರೇಯನನ್ನು ತಾರಸಿಗೆ ಕರೆತಂದು ತನಗೆ ಗೊತ್ತಿದ್ದುದನ್ನೆಲ್ಲ ಅವನಿಗೆ ಹೇಳಿಕೊಟ್ಟಳು. ಅದನ್ನು ಕಂಡು ವಿಶಾಖಾಳಿಗೆ ಸಮಾಧಾನವಾಯಿತು. ಮಗಳು ದೊಡ್ಡವಳಾದಳು, ಅರ್ಥಮಾಡಿಕೊಂಡಳು ಎಂದುಕೊಂಡಳು.

ಪ್ರದರ್ಶನದ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಿದ್ದಮ್ಮ ಒಳ್ಳೆಯ ಸೀರೆ ಉಟ್ಟುಕೊಂಡು, ಮೊಮ್ಮಗಳ ಮಾತು ಕೇಳಬೇಕೆಂದು ಶೇಷಾದ್ರಿಪುರದಿಂದ ಬಂದಿದ್ದಳು. ಯಾರು ಮಾತಾಡುತ್ತಾರೆ ಎಂಬುದನ್ನು ಅವಳಿಗೆ ಯಾರೂ ತಿಳಿಸಿರಲಿಲ್ಲ. ಆತ್ರೇಯ ಟೈ ಕಟ್ಟಿಕೊಂಡು ಮುಂದೆ ನಿಂತಿದ್ದ. ಲಾಸ್ಯಾ ಹಿಂದೆ ಸ್ಟೂಲಿನ ಮೇಲೆ ನಿಂತು ಬಾಟಲಿಗಳಿಗೆ ನೀರು ತುಂಬಿಸುತ್ತಿದ್ದಳು. ಮಣ್ಣಿನ ಬೆಟ್ಟದಿಂದ ಇಳಿದ ನೀರು ಕಾಲುವೆಗಳಿಗೆ ಕವಲೊಡೆದು ಪುಟ್ಟ ಹೊಲಗಳಿಗೆ ಹೋಗುವುದನ್ನು ನೋಡಲು ಜನ ಮುಗಿಬೀಳುತ್ತಿದ್ದರು.

ತೀರ್ಪುಗಾರರಾಗಿ ಬಂದವರು ನಿವೃತ್ತ ಭೂಗೋಳದ ಪ್ರೊಫೆಸರ್ ನರಸಿಂಹಯ್ಯ. ಎತ್ತರದ, ಮೆದು ದನಿಯ ಮನುಷ್ಯ. ಆತ್ರೇಯ ಹೇಳಿದ್ದನ್ನು ಕೊನೆಯವರೆಗೂ ಕೇಳಿ ತಲೆದೂಗಿದರು. ಬಗ್ಗಿ ಟ್ಯೂಬಿನ ಚಕ್ರವನ್ನು ತಾವೇ ತಿರುಗಿಸಿ ನೋಡಿ ಮಗುವಿನ ಹಾಗೆ ನಕ್ಕರು. ಆಮೇಲೆ ಕೇಳಿದರು:

"ಒಂದು ಪ್ರಶ್ನೆ ಮರಿ. ನೈಲ್‌ನಲ್ಲಿ ಪ್ರವಾಹ ಬಂದ್ರೆ ಅಲ್ಲಿಯ ರೈತ ಕುಣೀತಿದ್ದ. ಇಲ್ಲಿ ಪ್ರವಾಹ ಬಂದ್ರೆ ರೈತ ನಡುಗ್ತಿದ್ದ. ನೀರು ನೀರೇ ತಾನೆ? ಯಾಕೆ ಹಾಗೆ?"

ಆತ್ರೇಯನಿಗೆ ಗೊತ್ತಿತ್ತು. ಲಾಸ್ಯಾ ಹೇಳಿಕೊಟ್ಟಿದ್ದಳು. ಆದರೆ ಅಷ್ಟು ಜನರ ಮುಂದೆ ಎಲ್ಲ ಮರೆತುಹೋಯಿತು. "ಅದು... ಸರ್... ಜಾಸ್ತಿ ನೀರು..." ಎಂದು ತಡವರಿಸಿ ಕೆಂಪಾದ. ಹಿಂದೆ ಸ್ಟೂಲಿನ ಮೇಲಿದ್ದ ಲಾಸ್ಯಾ ಕೊಡ ಕೆಳಗಿಟ್ಟಳು. ಅವಳ ಕಣ್ಣುಗಳು ಜನರ ನಡುವೆ ಹುಡುಕಿ ಅಮ್ಮನ ಮೇಲೆ ನಿಂತವು. ಹೇಳಲಾ ಎಂದು ಅವು ಕೇಳಿದವು. ವಿಶಾಖಾ ತಲೆಯನ್ನು ಅಲ್ಲಾಡಿಸಿದಳು. ಬಹಳ ಸಣ್ಣಗೆ, ಬೇರೆ ಯಾರಿಗೂ ಕಾಣದ ಹಾಗೆ. ಬೇಡ.

ನರಸಿಂಹಯ್ಯನವರು ಹುಡುಗನ ಪಾಡು ನೋಡಿ ಮರುಗಿ, "ಪರವಾಗಿಲ್ಲ. ತಂಡದಲ್ಲಿ ಯಾರಿಗಾದ್ರೂ ಗೊತ್ತಿದ್ರೆ ಹೇಳಿ. ನಿಯಮ ಗಿಯಮ ಎಲ್ಲಾ ಇರ್ಲಿ ಬಿಡಿ," ಎಂದರು.

ಎಲ್ಲರೂ ಲಾಸ್ಯಾಳ ಕಡೆ ತಿರುಗಿದರು. ಅವಳು ನೆಲ ನೋಡುತ್ತಿದ್ದಳು. ಈಗ ವಿಶಾಖಾ ಒಂದು ಹೆಜ್ಜೆ ಮುಂದೆ ಬಂದು, "ಹೇಳು ಲಾಸ್ಯಾ. ನಿಂಗೊತ್ತಲ್ಲ, ಹೇಳು," ಎಂದಳು.

ಲಾಸ್ಯಾ ತಲೆಯೆತ್ತಿದಳು. ಮುಖದಲ್ಲಿ ಕೋಪವಿರಲಿಲ್ಲ, ಅಳುವೂ ಇರಲಿಲ್ಲ.

"ಗೊತ್ತಿಲ್ಲ ಮಿಸ್," ಎಂದಳು.

ಪ್ರೊಫೆಸರ್ ಇನ್ನೊಮ್ಮೆ ನದಿಗಳತ್ತ ನೋಡಿ, "ಕೆಲಸ ಮಾತ್ರ ಬಹಳ ಚೆನ್ನಾಗಿದೆ," ಎಂದು ಮುಂದಿನ ಮೇಜಿಗೆ ಹೋದರು. ಬಹುಮಾನ ಚೀನಾದ ಮಾಡೆಲ್ ಮಾಡಿದ ಏಳನೇ ತರಗತಿಗೆ ಹೋಯಿತು.

ಎಲ್ಲ ಮುಗಿದು ಮೇಜುಗಳನ್ನು ಎತ್ತುತ್ತಿದ್ದಾಗ ವಾಣಿ ಹತ್ತಿರ ಬಂದಳು. "ಯಾಕ್ರೀ ವಿಶಾಖಾ, ನಿಮ್ಮ ಮಗಳಿಗೇ ಮಾತಾಡೋಕೆ ಬಿಡಬಹುದಿತ್ತಲ್ಲ? ಅದನ್ನೆಲ್ಲ ಮಾಡಿದ್ದು ಅವಳೇ ತಾನೆ? ಇಡೀ ಸ್ಕೂಲಿಗೇ ಗೊತ್ತು."

"ನೀವೇ ಅವತ್ತು ಅಂದಿದ್ರಲ್ಲ, ಪ್ರಶ್ನೆಪತ್ರಿಕೆ ನಮ್ಮನೇಲೇ ತಯಾರಾಗುತ್ತೆ ಅಂತ."

ವಾಣಿ ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಳ್ಳಲು ನೋಡಿದಳು. "ನಾನಾ? ಯಾವಾಗ?" ಎಂದಳು. ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ.

ಸಿದ್ದಮ್ಮನನ್ನು ಬಸ್ಸು ಹತ್ತಿಸಲು ವಿಶಾಖಾ ಜೊತೆಗೆ ನಡೆದಳು. ನಿಲ್ದಾಣದಲ್ಲಿ ಮುದುಕಿ ಕೇಳಿದಳು: "ಆ ಮಗೂನ ಯಾಕೆ ಹಿಂದೆ ನಿಲ್ಸಿದ್ದೆ?"

"ಅವ್ವ, ನೀನೇ ಹೇಳ್ತಿದ್ಯಲ್ಲ. ಯಾರೂ ಬೆರಳು ತೋರಿಸ್ಬಾರ್ದು ಅಂತ."

ಸಿದ್ದಮ್ಮ ಮಗಳ ಮುಖವನ್ನೇ ನೋಡಿದಳು. "ಹೇಳ್ತಿದ್ದೆ. ಯಾಕೆ ಹೇಳ್ತಿದ್ದೆ? ಯಾರಾದ್ರೂ ಬೆರಳು ತೋರಿಸಿದ್ರೆ ನಿನ್ ಪರವಾಗಿ ನಿಂತ್ಕೊಂಡು ಮಾತಾಡೋರು ಯಾರೂ ಇರ್ಲಿಲ್ಲ. ನಂಗೆ ಬಾಯಿರ್ಲಿಲ್ಲ, ನಿಮ್ಮಪ್ಪ ಇರ್ಲಿಲ್ಲ. ಇವಳಿಗೆ ನೀನಿದ್ಯಲ್ಲವ್ವ."

ಬಸ್ಸು ಬಂತು. ವಿಶಾಖಾ ಅವಳ ಚೀಲ ಎತ್ತಿಕೊಟ್ಟಳು.

ಮಾಡೆಲ್ಲನ್ನು ಏನು ಮಾಡಬೇಕೆಂದು ಶಾಲೆಯ ಅಟೆಂಡರ್ ಶೀನಣ್ಣ ಲಾಸ್ಯಾಳನ್ನೇ ಕೇಳಿದ. "ಎಸೆದ್ಬಿಡಿ ಶೀನಣ್ಣ," ಎಂದಳಂತೆ. ಅವನು ಮಣ್ಣನ್ನು ಕಾಂಪೌಂಡಿನ ಗಿಡಗಳಿಗೆ ಸುರಿದ.

ಆಮೇಲೆ ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಜಗಳವಾಗಿದ್ದರೆ ಚೆನ್ನಾಗಿತ್ತು ಎಂದು ವಿಶಾಖಾಳಿಗೆ ಅನ್ನಿಸಿದ್ದುಂಟು. ಲಾಸ್ಯಾ ಎಂದಿನಂತೆ ತಿಂದಳು, ಓದಿದಳು, ಅಪ್ಪನ ಜೊತೆ ಕ್ರಿಕೆಟ್ ನೋಡಿದಳು. ಅಮ್ಮ ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಆದರೆ ತರಗತಿಯಲ್ಲಿ ಅವಳ ಕೈ ಮತ್ತೆ ಮೇಲೇಳಲಿಲ್ಲ. ವಿಶಾಖಾ ಆಫ್ರಿಕಾದ ಭೂಪಟ ಹಾಕಿ, ಸಹಾರಾ ಒಂದು ಕಾಲಕ್ಕೆ ಹಸಿರಾಗಿತ್ತು, ಅಲ್ಲಿ ಸರೋವರಗಳಿದ್ದವು ಎಂದಾಗ ಮಕ್ಕಳೆಲ್ಲ ಹೋ ಎಂದರು. ಲಾಸ್ಯಾ ಕಿಟಕಿಯ ಕಡೆ ನೋಡುತ್ತಿದ್ದಳು. ಕೊನೆಯ ಪರೀಕ್ಷೆಯಲ್ಲಿ ಸಮಾಜ ವಿಜ್ಞಾನದಲ್ಲಿ ಪಾಸಾಗುವಷ್ಟು ಬರೆದಿದ್ದಳು. ತಪ್ಪು ಬರೆದಿರಲಿಲ್ಲ, ಎಷ್ಟು ಬೇಕೋ ಅಷ್ಟು ಬರೆದು ನಿಲ್ಲಿಸಿದ್ದಳು. ಆ ಉತ್ತರಪತ್ರಿಕೆಯನ್ನು ವಿಶಾಖಾ ಎರಡು ಸಲ ಓದಿದಳು.

ಬೇಸಿಗೆ ರಜೆಯಲ್ಲಿ ಲಾಸ್ಯಾ, ಒಂಬತ್ತನೇ ತರಗತಿಗೆ ಅಜ್ಜಿಯ ಮನೆಯಲ್ಲಿದ್ದುಕೊಂಡು ಅಲ್ಲಿಯ ಶಾಲೆಗೆ ಹೋಗುತ್ತೇನೆ ಎಂದಳು.

"ಯಾಕೆ? ಇಲ್ಲೇನಾಗಿದೆ?" ಎಂದಳು ವಿಶಾಖಾ.

"ಏನೂ ಆಗಿಲ್ಲಮ್ಮ. ಅಜ್ಜಿ ಒಬ್ಬಳೇ ಇದಾಳೆ. ಮತ್ತೆ ಅಲ್ಲಿ ನಾನು ಯಾರ ಮಗಳು ಅಂತ ಯಾರಿಗೂ ಗೊತ್ತಿರಲ್ಲ."

ಅವಳು ಆ ಮಾತನ್ನು ಚುಚ್ಚಬೇಕೆಂದು ಹೇಳಲಿಲ್ಲ. ಹಗುರವಾಗಿ ಹೇಳಿದಳು. ಶ್ರೀಧರ್ ಹೆಂಡತಿಯ ಕಡೆ ನೋಡಿದ. ಬೇಡ ಎನ್ನುವ ಹಕ್ಕು ತನಗಿದೆಯೇ ಎಂದು ವಿಶಾಖಾಳಿಗೆ ತಿಳಿಯಲಿಲ್ಲ. ಅವಳು ಹೂಂ ಎಂದಳು. ಜೂನಿನಲ್ಲಿ ಶ್ರೀಧರ್ ಮಗಳ ಬಟ್ಟೆ ಪುಸ್ತಕಗಳನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ ಬಿಟ್ಟು ಬಂದ. ಶನಿವಾರ ಭಾನುವಾರ ಲಾಸ್ಯಾ ಬರುತ್ತಿದ್ದಳು, ಮೊದಮೊದಲು ಪ್ರತಿ ವಾರ, ಆಮೇಲೆ ಪರೀಕ್ಷೆ, ಟ್ಯೂಷನ್ನು, ಗೆಳತಿಯರು.

ಆ ಶಾಲೆಯಲ್ಲಿ ವಸ್ತುಪ್ರದರ್ಶನ ಈಗಲೂ ನಡೆಯುತ್ತದೆ. ಮಾಡೆಲ್ ಯಾರು ಮಾಡಿದರೋ ಅವರೇ ಮಾತಾಡಬೇಕು ಎಂದು ವಿಶಾಖಾ ಹಟ ಹಿಡಿದು ನಿಯಮ ಬದಲಾಯಿಸಿದ್ದಾಳೆ. ತೊದಲುವವರಿಗೂ ಕಾಯುತ್ತಾಳೆ, ತೀರ್ಪುಗಾರರನ್ನೂ ಕಾಯಿಸುತ್ತಾಳೆ. ಎಷ್ಟೋ ತಂದೆತಾಯಿಗಳು ಬಂದು, ನಮ್ಮ ಮಗು ನಾಲ್ಕು ಜನರ ಮುಂದೆ ಬಾಯಿ ಬಿಟ್ಟಿದ್ದು ಇದೇ ಮೊದಲು ಮಿಸ್ ಎಂದು ಕೈ ಮುಗಿದು ಹೋಗುತ್ತಾರೆ. ಅವಳು ಅವರಿಗೆ ನಗುತ್ತಲೇ ಉತ್ತರ ಕೊಡುತ್ತಾಳೆ. ಮನೆಗೆ ಬಂದ ಮೇಲೆ ಆ ಸಂಜೆ ಯಾರ ಜೊತೆಗೂ ಮಾತು ಬೇಡವಾಗುತ್ತದೆ.

ಈ ವರ್ಷ ಲಾಸ್ಯಾಳ ಹತ್ತನೇ ತರಗತಿ ಮುಗಿಯಿತು. ಒಳ್ಳೆಯ ಅಂಕಗಳೇ ಬಂದಿದ್ದವು. ಕಾಮರ್ಸ್ ತೆಗೆದುಕೊಳ್ಳುತ್ತೇನೆಂದು ಅವಳೇ ತೀರ್ಮಾನಿಸಿದ್ದಳು. ಶೇಷಾದ್ರಿಪುರದ ಕಾಲೇಜಿನಲ್ಲಿ ದಾಖಲಾತಿಗೆ ತಾಯಿ ಅಥವಾ ತಂದೆಯ ಸಹಿ ಬೇಕೆಂದಾಗ ವಿಶಾಖಾ ರಜೆ ಹಾಕಿ ಹೋದಳು. ಕೆಲಸ ಬೇಗ ಮುಗಿಯಿತು. ಇಬ್ಬರೂ ಪಕ್ಕದ ಹೋಟೆಲಿನಲ್ಲಿ ನಿಂತು ಇಡ್ಲಿ ತಿನ್ನುತ್ತಿದ್ದರು. ಲಾಸ್ಯಾ ಅಮ್ಮನಿಗಿಂತ ಎತ್ತರವಾಗಿದ್ದಳು. ಗೆಳತಿ ಯಾರೋ ಕಳಿಸಿದ್ದ ಮೆಸೇಜು ನೋಡಿ ನಕ್ಕು, ಫೋನು ಚೀಲಕ್ಕೆ ಹಾಕಿಕೊಂಡಳು.

ಈ ಎರಡೂವರೆ ವರ್ಷದಲ್ಲಿ ವಿಶಾಖಾ ಆ ಪ್ರದರ್ಶನದ ಮಾತು ಆಡಬೇಕೆಂದು ಎಷ್ಟೋ ಸಲ ಹೊರಟಿದ್ದಳು. ಪ್ರತಿ ಸಲವೂ ಅದು ಸಮರ್ಥನೆಯಾಗಿಬಿಡುತ್ತದೆ ಎಂದು ಹೆದರಿ ನುಂಗಿಕೊಂಡಿದ್ದಳು. ಆ ಹೊತ್ತು ಹೋಟೆಲಿನ ಗದ್ದಲದಲ್ಲಿ, ಯಾರೂ ತಮ್ಮನ್ನು ಗಮನಿಸದಿದ್ದುದರಿಂದಲೋ ಏನೋ, ಬಾಯಿಗೆ ಬಂದೇಬಿಟ್ಟಿತು.

"ಲಾಸ್ಯಾ, ಆ ಎಕ್ಸಿಬಿಷನ್ ದಿನ ನಾನು ಮಾಡಿದ್ದು ತಪ್ಪು. ನೀನೇ ಮಾತಾಡ್ಬೇಕಿತ್ತು. ನಿನ್ನ ಒಳ್ಳೇದಕ್ಕೆ ಅಂತ ಮಾಡಿದ್ದಲ್ಲ ಅದು, ನನ್ನ ಹೆಸರು ಕಾಪಾಡ್ಕೊಂಡೆ ಅಷ್ಟೇ. ಕ್ಷಮಿಸ್ಬಿಡು ಮಗಳೇ."

ಲಾಸ್ಯಾ ಚಟ್ನಿಯಲ್ಲಿ ಅದ್ದಿದ್ದ ಇಡ್ಲಿಯನ್ನು ಹಾಗೇ ಹಿಡಿದು, "ಯಾವ ಎಕ್ಸಿಬಿಷನ್?" ಎಂದಳು. ಆಮೇಲೆ ನೆನಪಾಯಿತು. "ಓ, ಏಯ್ತ್‌ದಾ? ಅಯ್ಯೋ ಅಮ್ಮ, ಅದನ್ನಿನ್ನೂ ಇಟ್ಕೊಂಡಿದೀಯಾ? ಅವತ್ತು ಕೋಪ ಬಂದಿತ್ತು ನಿಜ. ತುಂಬಾ ದಿನ ಇತ್ತು. ಈಗ ಏನೂ ಇಲ್ಲ. ಮರ್ತೇ ಹೋಗಿತ್ತು."

"ನಿಜವಾಗ್ಲೂ?"

"ನಿಜವಾಗ್ಲೂ. ಅದೇನು, ತಾರಸಿ ಮೇಲೆ ಮಣ್ಣಲ್ಲಿ ಮಾಡಿದ್ವಿ ಅಲ್ವಾ? ಅಜ್ಜಿ ಟ್ಯೂಬು ಹೇಳ್ಕೊಟ್ಟಿದ್ಲು, ಅದು ಮಾತ್ರ ಚೆನ್ನಾಗಿ ನೆನಪಿದೆ. ಎರಡು ನದಿ. ನೈಲ್, ಮತ್ತೆ... ಇನ್ನೊಂದು ಯಾವ್ದಮ್ಮ?"

ಅವಳು ಅಣಕಿಸುತ್ತಿರಲಿಲ್ಲ. ಕಣ್ಣು ಕಿರಿದು ಮಾಡಿ, ಪ್ರಾಮಾಣಿಕವಾಗಿ ನೆನಪಿಸಿಕೊಳ್ಳಲು ಯತ್ನಿಸುತ್ತಿದ್ದಳು. ವಿಶಾಖಾ ಆ ಮುಖವನ್ನು ನೋಡಿದಳು. ಅದರಲ್ಲಿ ನೋವಿನ ಗುರುತಿರಲಿಲ್ಲ. ಮಗಳು ತನ್ನನ್ನು ಕ್ಷಮಿಸಬೇಕು ಎಂದು ಅವಳು ಇಷ್ಟು ದಿನ ಹಂಬಲಿಸಿದ್ದಳು. ಕ್ಷಮೆ ಯಾವಾಗಲೋ ಆಗಿಹೋಗಿತ್ತು. ಅದರ ಜೊತೆಗೇ ನದಿಗಳೂ ಹೋಗಿದ್ದವು. ಮೂಗಿನ ಮೇಲೆ ಕೆಸರು ಮೆತ್ತಿಕೊಂಡು, ಯಾವ ಪುಸ್ತಕದಲ್ಲೂ ಇಲ್ಲದ ಮಾತನ್ನು ಹೇಳಿದ ಆ ಹುಡುಗಿಯೂ ಹೋಗಿದ್ದಳು.

ಸಾವಿರಾರು ಮಕ್ಕಳ ತಪ್ಪು ತಿದ್ದಿದ ವಿಶಾಖಾ ಇದನ್ನು ತಿದ್ದಲಿಲ್ಲ.

"ನಂಗೂ ಸರಿಯಾಗಿ ನೆನಪಿಲ್ಲ," ಎಂದಳು.

"ನಿಂಗೆ ನೆನಪಿಲ್ವಾ!" ಎಂದು ಲಾಸ್ಯಾ ಜೋರಾಗಿ ನಕ್ಕಳು. "ಕೈ ತೊಳ್ಕೊಂಡು ಬರ್ತೀನಿ ಇರು. ಕಾಫಿ ಹೇಳು ನಂಗೂ. ಸಕ್ಕರೆ ಕಮ್ಮಿ."

ವಿಶಾಖಾ ಕೌಂಟರಿನ ಕಡೆ ನಡೆದಳು. ಮುಂದೆ ನಿಂತಿದ್ದವರು ಸರಿಯುವವರೆಗೂ ಕಾದು, ಎರಡು ಕಾಫಿ, ಒಂದಕ್ಕೆ ಸಕ್ಕರೆ ಕಮ್ಮಿ ಎಂದಳು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಕೌಂಟರಿನವನು ಏನಂದ್ರಿ ಮೇಡಂ ಎಂದು ಮತ್ತೆ ಕೇಳಿದ. ಅವಳು ಇನ್ನೊಮ್ಮೆ ಹೇಳಬೇಕಾಯಿತು.